ಲ್ಯಾಪ್ಸ್ ಆಗುವ ಬಿಸಿಲು

ನಮ್ಮ ಮನೆಯವರು, ಅಂದರೆ ಭುಜಂಗರು, ಜೀವಮಾನವಿಡೀ ಮೊಗ್ರಾಲಿನಲ್ಲಿ ರೇಶನ್ ಅಂಗಡಿ ನಡೆಸಿದವರು. ಅಂಗಡಿಯನ್ನು ಅವರು ಬಿಟ್ಟು ಕೆಲವು ವರ್ಷಗಳಾದರೂ ಅಂಗಡಿ ಅವರನ್ನು ಬಿಟ್ಟಿಲ್ಲ. ಊಟಕ್ಕೆ ಕೂತರೆ ಅನ್ನದ ಅಗುಳನ್ನು ಬೆರಳಲ್ಲಿ ಒತ್ತಿ ನೋಡಿ, "ಇದು ಹಳೇ ಸ್ಟಾಕಾ?" ಎನ್ನುತ್ತಾರೆ. ನೆಂಟರು ಬಂದರೆ ಆಸರಿಗೆ ಕುಡಿಯಲು ಏನು ಬೇಕೆಂದು ಕೇಳುವ ಮೊದಲು, "ನಿಮ್ಮಲ್ಲಿ ಒಟ್ಟು ಎಷ್ಟು ಜನ?" ಎಂದು ವಿಚಾರಿಸುತ್ತಾರೆ. ಮದುವೆ ಮನೆಯಲ್ಲಿ ಪಾಯಸ ಬಡಿಸಲು ಇವರ ಕೈಗೆ ಸೌಟು ಕೊಟ್ಟರೆ ಯಾರಿಗೂ ಒಂದು ತೊಟ್ಟು ಹೆಚ್ಚಿಲ್ಲ, ಯಾರಿಗೂ ಒಂದು ತೊಟ್ಟು ಕಡಿಮೆಯಿಲ್ಲ. ಮದುಮಗನಿಗೂ ಅಷ್ಟೇ.

ಅಂಥವರ ಕೈಗೆ ಸೂರ್ಯ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಓಣಿಯವರೆಲ್ಲ ಕಣ್ಣಾರೆ ಕಂಡಿದ್ದಾರೆ.

ಹೋದ ಬೇಸಿಗೆಯ ಕರೆಂಟ್ ಬಿಲ್ಲು ನೋಡಿ ಇವರು ಒಂದು ದಿನವಿಡೀ ಮಾತು ಬಿಟ್ಟರು. ಮರುದಿನ ಮಾತು ಬಂತು, ಆದರೆ ಬಾರದಿದ್ದರೇ ಒಳ್ಳೆಯದಿತ್ತು. ನಾನು ಒಂದು ಕೋಣೆಯಿಂದ ಇನ್ನೊಂದಕ್ಕೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ಟಕ್ ಎಂದು ಸ್ವಿಚ್ಚು ಬೀಳುತ್ತಿತ್ತು. ಫ್ರಿಜ್ಜಿನ ಬಾಗಿಲು ತೆಗೆದು ಒಂದು ಕ್ಷಣ ನಿಂತರೆ ಸಾಕು, "ಎಂತ ತೆಗೆಯುದು ಅಂತ ಹೊರಗೇ ಯೋಚನೆ ಮಾಡಿ ಮತ್ತೆ ಬಾಗಿಲು ತೆಗಿ ಮಾರಾಯ್ತಿ!" ಎಂದು ಜಗಲಿಯಿಂದ ಕೂಗು ಬರುತ್ತಿತ್ತು. ನಾನು ತಾಳ್ಮೆಯವಳು ಎಂದು ಊರಲ್ಲಿ ಹೆಸರುಂಟು. ಆ ಹೆಸರನ್ನು ನಾನು ಸಂಪಾದಿಸಿದ್ದು ಆ ಬೇಸಿಗೆಯಲ್ಲಿ.

ಹೀಗಿರುವಾಗ ಜಿತೇಂದ್ರ ಎಂಬವನು ಒಂದು ಸೋಲಾರ್ ಕಂಪೆನಿಯ ಪರವಾಗಿ ನಮ್ಮ ಜಗಲಿ ಹತ್ತಿದ. ಒಳ್ಳೆಯ ಮನುಷ್ಯ, ಎಲ್ಲವನ್ನೂ ಬಿಡಿಸಿ ಹೇಳುವವನು. ಆದರೆ ನಮ್ಮವರು ಬಿಡಿಸಿ ಕೇಳುವವರಲ್ಲ.

"ಮಾವ, ಹಗಲು ನಿಮ್ಮ ತಾರಸಿಯ ಹಲಗೆಗಳು ಕರೆಂಟ್ ಮಾಡ್ತವೆ," ಎಂದ ಜಿತೇಂದ್ರ. "ನಿಮಗೆ ಬೇಕಾದಷ್ಟು ನೀವು ಉಪಯೋಗಿಸ್ತೀರಿ. ಬ್ಯಾಟರಿ ಇಲ್ಲ, ಹಾಗಾಗಿ ಉಳಿದದ್ದು ಲೈನಿನಲ್ಲಿ ಕರೆಂಟ್ ಬೋರ್ಡಿಗೆ ಹೋಗ್ತದೆ. ಆಮೇಲೆ..."

"ಸಾಕು, ಗೊತ್ತಾಯ್ತು," ಎಂದರು ಇವರು, ಕೈ ಎತ್ತಿ. "ನಮಗೊಂದು ಕೋಟಾ ಉಂಟು. ನಾವು ಎತ್ತಿದರೆ ನಮಗೆ, ಎತ್ತದಿದ್ದರೆ ಇಲಾಖೆಗೆ ವಾಪಸು. ಇದನ್ನು ನನಗೆ ಹೇಳಿಕೊಡುದು ಬೇಡ."

ಜಿತೇಂದ್ರನ ಆ 'ಆಮೇಲೆ' ಅಲ್ಲಿಯೇ ನಿಂತಿತು. ಮುಂದೆ ನಡೆದ ಅನಾಹುತವೆಲ್ಲ ಆ ಒಂದು ಶಬ್ದದ ನಂತರ ಏನಿತ್ತೆಂದು ಇವರು ಕೇಳದೆ ಬಿಟ್ಟದ್ದರ ಫಲ.

ಅಡ್ಡಿ ಇದ್ದದ್ದು ಎರಡು ಕಡೆಯಿಂದ. ಒಂದು, ನನ್ನಿಂದ. ನಮ್ಮ ಮನೆಯ ಮುಂಭಾಗಕ್ಕೆ ಹಂಚು, ಹಿಂದಿನ ಅಡುಗೆಕೋಣೆಯ ಮೇಲೆ ಮಾತ್ರ ಒಂದಿಷ್ಟು ತಾರಸಿ. ಹಲಸಿನಕಾಯಿಯ ಕಾಲ ಬಂದರೆ ನಮ್ಮ ಕುಟುಂಬಶ್ರೀ ಸಂಘದ ಹೆಂಗಸರು ಹಪ್ಪಳ ಒಣಗಿಸುವುದು ಅಲ್ಲಿಯೇ. ಓಣಿಯಲ್ಲಿ ದೊಡ್ಡ ತಾರಸಿ ಇರುವುದು ಎದುರು ಮನೆಯ ಝುಬೈದಾಳದು, ಆದರೆ ಅದರ ಬಾಗಿಲಿನ ಬೀಗದ ಕೈ ಅವಳ ಮಗ ಶಫೀಕನ ಚೀಲದಲ್ಲಿ ತಪ್ಪಿ ದುಬಾಯಿಗೆ ಹೋಗಿತ್ತು. ನಮ್ಮ ತಾರಸಿಯ ಬಿಸಿಲನ್ನೂ ಕರೆಂಟಿಗೆ ಕೊಟ್ಟರೆ ಹಪ್ಪಳಕ್ಕೆ ಎಲ್ಲಿಗೆ ಹೋಗುವುದು?

ಎರಡನೆಯ ಅಡ್ಡಿ ನನ್ನ ತಮ್ಮ ಲೋಕನಾಥನಿಂದ. ಅವನು ಕುಂಬ್ಡಾಜೆಯಿಂದ ನಮಗೆ ಹಲಸಿನಕಾಯಿ ಜೀಪಿನಲ್ಲಿ ತರುವವನು. ಭಾವ ಹೊಸದೇನು ಮಾಡಿದರೂ ಅದು ಹಾಳೆಂದು ತೀರ್ಮಾನಿಸುವುದು ಅವನ ನೆಂಟಸ್ತಿಕೆಯ ಒಂದು ಭಾಗ.

"ಹಾಕಿದ ಹಣ ಏಳು ವರ್ಷದಲ್ಲಿ ವಾಪಸು ಬರ್ತದೆ," ಎಂದರು ಇವರು ಗತ್ತಿನಿಂದ. "ಮತ್ತೆ ಎಲ್ಲ ಲಾಭ."

"ಭಾವ, ನಿಮಗೆ ಈಗ ಪ್ರಾಯ ಎಷ್ಟು?"

"ಎಪ್ಪತ್ತೊಂದು."

"ಹಾಗಾದರೆ ಲಾಭ ಯಾರಿಗೆ?"

ಜಗಲಿಯಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಶಬ್ದ ಮಾತ್ರ ಕೇಳಿಸಿತು. ಆಮೇಲೆ ಇವರು ಎದ್ದು ಆ ಫ್ಯಾನನ್ನೂ ಆರಿಸಿದರು.

ಮರುದಿನ ಬೆಳಿಗ್ಗೆ ನೋಡುವಾಗ ಇವರ ಕಾಲಲ್ಲಿ ಹೊಸ ಬಿಳಿ ಕ್ಯಾನ್ವಾಸ್ ಶೂಸು. ಪಂಚೆ ಎತ್ತಿ ಕಟ್ಟಿ, ಶೂಸು ಹಾಕಿ, ಮೊಗ್ರಾಲ್ ಸೇತುವೆಯ ಬುಡದ ತನಕ ನಡೆದು ಹೋಗಿ ಬಂದರು. "ಸಕ್ಕರೆ ಬೇಡ," ಎಂದರು ಚಾಕ್ಕೆ. ಬಂಗುಡೆ ಮೀನು ಹುರಿದದ್ದನ್ನು ಬದಿಗೆ ಸರಿಸಿ ಗಸಿಯ ಸಾರಿನದ್ದನ್ನು ತೆಗೆದುಕೊಂಡರು. ಡಾಕ್ಟರು ಹತ್ತು ವರ್ಷಗಳಿಂದ ಹೇಳಿ ಹೇಳಿ ಸೋತದ್ದನ್ನು ನನ್ನ ತಮ್ಮ ಒಂದೇ ಪ್ರಶ್ನೆಯಲ್ಲಿ ಮಾಡಿಸಿದ್ದ. ಏಳು ವರ್ಷ ಬದುಕಲೇಬೇಕು ಎಂದು ಇವರು ನಿಶ್ಚಯಿಸಿದ್ದರು.

ಇಷ್ಟಾದ ಮೇಲೆ ಬೇಡ ಎನ್ನುವುದು ಹೇಗೆ? ಲೋಕನಾಥನೇ ಮಧ್ಯಸ್ಥನಾಗಿ ಒಂದು ಒಪ್ಪಂದ ಮಾಡಿಸಿದ. ಮೊದಲನೆಯ ಬಿಲ್ಲು ಹಿಂದಿನದರ ಅರ್ಧಕ್ಕಿಂತ ಕೆಳಗೆ ಬಂದರೆ ಹಲಗೆಗಳು ಮೇಲೆ. ಬಾರದಿದ್ದರೆ ಹಲಗೆಗಳು ಕೆಳಗೆ, ತಾರಸಿ ಅಕ್ಕನಿಗೆ.

"ಬಿಚ್ಚುವಾಗ ಸ್ಪ್ಯಾನರು ನಾನೇ ತರ್ತೇನೆ," ಎಂದು ಅವನು ಮಾತು ಮುಗಿಸಿದ.

ಹಲಗೆಗಳು ಬಂದವು. ಹೊಸ ಮೀಟರು ಬಂತು. ಅದರಲ್ಲಿ ಬೋರ್ಡಿನಿಂದ ನಾವು ತಂದದ್ದು ಎಷ್ಟು, ಬೋರ್ಡಿಗೆ ನಮ್ಮಿಂದ ಹೋದದ್ದು ಎಷ್ಟು ಎಂದು ಎರಡು ಅಂಕಿ. ಇವರು ಮೀಟರಿನ ಎದುರು ಒಂದು ಸ್ಟೂಲು ಇಟ್ಟು ಕೂತರು. ಮಧ್ಯಾಹ್ನ ಬಿಸಿಲು ಏರುತ್ತ ಹೋದ ಹಾಗೆ ಆ ಎರಡನೆಯ ಅಂಕಿ ಏರಿತು. ಅದರ ಜೊತೆಗೆ ಇವರ ರಕ್ತದೊತ್ತಡವೂ ಏರಿತು.

"ನೋಡೇ, ಹೋಗ್ತಾ ಉಂಟು!" ಎಂದು ಕೂಗಿದರು.

"ಎಂತ ಹೋಗ್ತಾ ಉಂಟು?"

"ಮಾಲು! ನಮ್ಮ ಮಾಲು! ನಾವು ಎತ್ತಲಿಲ್ಲ, ಇಲಾಖೆಗೆ ವಾಪಸು ಹೋಗ್ತಾ ಉಂಟು. ಲ್ಯಾಪ್ಸ್!"

ರೇಶನ್ ಅಂಗಡಿಯವರಿಗೆ ಇದಕ್ಕಿಂತ ದೊಡ್ಡ ದುಃಖ ಇನ್ನೊಂದಿಲ್ಲ. ತಿಂಗಳ ಕೊನೆಗೆ ಯಾರಾದರೂ ಕಾರ್ಡಿನ ಅಕ್ಕಿ ಎತ್ತದೆ ಬಿಟ್ಟರೆ ಇವರು ಹಿಂದೆ ಅವರ ಮನೆಯ ತನಕ ಹೋಗಿ ಗೇಟು ಬಡಿಯುತ್ತಿದ್ದರು. "ಒಯ್ಯಿರಿ ಮಾರಾಯ್ರೆ, ಲ್ಯಾಪ್ಸ್ ಆಗ್ತದೆ!" ಎಂದು ಕಣ್ಣಲ್ಲಿ ನೀರು ಬರಿಸಿ ಹೇಳುತ್ತಿದ್ದರು. ಈಗ ಮೇಲಿನಿಂದ ಸುರಿಯುವ ಮಾಲು ಪ್ರತಿ ದಿನ, ಕಣ್ಣೆದುರೇ, ತಂತಿ ಹಿಡಿದು ಓಡಿ ಹೋಗುತ್ತಿತ್ತು.

ನಾನು ಹಗಲಲ್ಲಿ ಎರಡು ಸಲ ವಾಶಿಂಗ್ ಮೆಶೀನಿಗೆ ಬಟ್ಟೆ ಹಾಕಿದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ಹೇಳಿದರು. ಕಾಯಿ ತುರಿ ಇಲ್ಲದೆಯೂ ಮಿಕ್ಸಿಯನ್ನು ಸುಮ್ಮನೆ ತಿರುಗಿಸಿದರು. ಆದರೂ ಅಂಕಿ ಓಡುತ್ತಲೇ ಇತ್ತು. ಕೊನೆಗೆ ಇವರು ಸ್ಟೂಲಿನಿಂದ ಎದ್ದರು. ದನ ಕರು ಹಾಕಿದರೆ ಗಿಣ್ಣದ ಹಾಲನ್ನು ನೆರೆಮನೆಗೆ ಕೊಡದೆ ನಾವು ಬಾಯಿಗೆ ಹಾಕಿದವರಲ್ಲ. ಮರದಲ್ಲಿ ಮೊದಲ ಮಾವು ಹಣ್ಣಾದರೂ ಹಾಗೆಯೇ.

"ಮೊದಲ ಬೆಳೆ ನೆರೆಯವರಿಗೆ," ಎಂದು ಇವರು ಘೋಷಿಸಿದರು. "ನಾವೀಗ ಗಿರಾಕಿಗಳಲ್ಲ. ಉತ್ಪಾದಕರು. ಉತ್ಪಾದಕನ ಮನೆಯಲ್ಲಿ ಮಾಲು ಲ್ಯಾಪ್ಸ್ ಆಗ್ಲಿಕ್ಕಿಲ್ಲ!"

ಸಂಜೆಯೊಳಗೆ ಇಡೀ ಓಣಿಗೆ ಸುದ್ದಿ ಮುಟ್ಟಿತು. ಭುಜಂಗಣ್ಣನ ಮನೆಯಲ್ಲಿ ಹಗಲಿನ ಕರೆಂಟು ಪುಕ್ಕಟೆ. ಮನೆಯಿಂದ ಬೇಕಾದ ಯಂತ್ರ ತಂದು ಜಗಲಿಯಲ್ಲಿ ಉಪಯೋಗಿಸಿ ಹೋಗಬಹುದು.

ಮೊದಲ ದಿನ ಬಂದವಳು ಝುಬೈದಾ. ಉಪವಾಸದ ತಿಂಗಳು. ಸಂಜೆಯ ತಿಂಡಿಗಳಿಗೆ ಅರೆಯುವ ಕೆಲಸ ರಾಶಿ. ಅವಳು ಮಿಕ್ಸಿಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು, ಹಿಂದೆ ಮೂರು ಪಾತ್ರೆಗಳನ್ನು ಹಿಡಿದ ಸೊಸೆಯೊಡನೆ ಬಂದಳು. ಅವಳ ಹಿಂದೆ ಟೈಲರ್ ಸುಕುಮಾರ, ಮೋಟಾರಿನ ಹೊಲಿಗೆ ಯಂತ್ರವನ್ನು ಗಾಡಿಯಲ್ಲಿ ಇಟ್ಟು ತಳ್ಳಿಕೊಂಡು. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ. ಅವನ ಹಿಂದೆ ಯಾರೋ ಗ್ರೈಂಡರು ಹೊತ್ತುಕೊಂಡು. ಇನ್ನೊಬ್ಬರ ಕೈಯಲ್ಲಿ ನೀರು ಬಿಸಿಮಾಡುವ ಕೆಟಲು.

ಇವರು ಒಳಗೆ ಹೋಗಿ ಹಳೆಯ ಮೇಜನ್ನು ಎಳೆದು ತಂದರು. ಅದರ ಹಿಂದೆ ಕುರ್ಚಿ ಹಾಕಿ ಕೂತರು. ಮೇಜಿನ ಮೇಲೆ ಐದು ತೂತಿನ ಎಕ್ಸ್‌ಟೆನ್ಶನ್ ಬೋರ್ಡು. ಕಣ್ಣಿಗೆ ಕನ್ನಡಕ. ಮುಖದಲ್ಲಿ ಎಷ್ಟೋ ವರ್ಷಗಳಿಂದ ನಾನು ಕಾಣದ ತೇಜಸ್ಸು.

"ಸಾಲಲ್ಲಿ ನಿಲ್ಲಿ! ನೂಕಬೇಡಿ! ಎಲ್ಲರಿಗೂ ಸ್ಟಾಕ್ ಉಂಟು!"

ನೂಕುವುದಕ್ಕೆ ಅಲ್ಲಿ ಐದೇ ಜನ ಇದ್ದದ್ದು. ಆದರೂ ಸಾಲಾಯಿತು. ಸುಕುಮಾರ ತನ್ನ ಸರದಿ ಬಂದಾಗ ಅಭ್ಯಾಸದಿಂದ ಹೆಬ್ಬೆರಳನ್ನು ಮುಂದೆ ಚಾಚಿದ. ರೇಶನ್ ಅಂಗಡಿಯ ಯಂತ್ರಕ್ಕೆ ಬೆರಳು ಒತ್ತಿ ಒತ್ತಿ ಅವನಿಗೂ ಇವರಿಗೂ ರೂಢಿ. ಇವರು ಆ ಬೆರಳನ್ನು ಗಂಭೀರವಾಗಿ ನೋಡಿ, "ಸರಿ" ಎಂದರು.

"ಯಾವ ಕಾರ್ಡು?"

"ಹಳದಿ, ಭುಜಂಗಣ್ಣ."

"ಹಳದಿ ಬಡವರ ಕಾರ್ಡು, ಮೊದಲು. ಎರಡನೇ ತೂತಿಗೆ ಹಾಕು. ಝುಬೈದಾ, ನಿಮ್ಮದು?"

"ನಿಮಗೆ ಗೊತ್ತಿಲ್ಲವಾ? ಬಿಳಿ."

"ಬಿಳಿ ಉಳ್ಳವರ ಕಾರ್ಡು, ಕೊನೆಗೆ. ಹಳದಿಯವರದ್ದು ಆಗಿ, ಗುಲಾಬಿಯವರದ್ದು ಆಗಿ, ನೀಲಿಯವರದ್ದು ಆಗಿ, ಉಳಿದರೆ ಬಿಳಿ."

"ಅಲ್ಲ ಭುಜಂಗಣ್ಣ," ಎಂದಳು ಝುಬೈದಾ ಮಿಕ್ಸಿಯನ್ನು ಸೊಂಟಕ್ಕೆ ವರ್ಗಾಯಿಸಿ, "ಸೂರ್ಯನಿಗೂ ಬಿಳಿ ಕಾರ್ಡು ಹಳದಿ ಕಾರ್ಡು ಉಂಟಾ? ನನ್ನ ಮನೆಯ ಮೇಲೆ ಬಿಸಿಲು ಎಂತ ಕಡಿಮೆ ಬೀಳ್ತದಾ?"

"ಬೀಳುದು ಬೇರೆ, ವಿತರಣೆ ಬೇರೆ."

"ಮಗ ದುಬಾಯಿಯಲ್ಲಿ ಇದ್ದದ್ದಕ್ಕೆ ಕಡ್ಲೆ ಅರೆಯಲಿಕ್ಕೂ ನಾನು ಕೊನೆಗೆ ನಿಲ್ಲಬೇಕಾ? ಮನೋರಮಕ್ಕಾ, ನಿಮ್ಮ ಗಂಡನಿಗೆ ಸ್ವಲ್ಪ ಹೇಳಿ!"

ಕಡಲೆ ನೆನೆದು ಕಾಯುತ್ತಿದ್ದುದರಿಂದ ನಾನು ಅವಳನ್ನು ಹಿಂಬಾಗಿಲಿನಿಂದ ಅಡುಗೆಕೋಣೆಗೆ ಕರೆದು ಅಲ್ಲಿಯ ಪ್ಲಗ್ಗಿನಲ್ಲಿ ಅರೆಯಿಸಿದೆ. ರೇಶನ್ ಅಂಗಡಿಗೂ ಒಂದು ಹಿಂಬಾಗಿಲು ಇರುತ್ತದೆ ಎಂಬುದು ಇವರಿಗೂ ತಿಳಿಯದ ಸಂಗತಿಯಲ್ಲ. ಕಂಡೂ ಕಾಣದ ಹಾಗೆ ಕೂತರು.

ಹೀಗೆ ದಿನ ಕಳೆಯಿತು. ಜನ ಹೆಚ್ಚಾದರು. ಸುಕುಮಾರ ತನ್ನ ಅಂಗಡಿಗೆ ಬೀಗ ಹಾಕಿ ಇಡೀ ದಿನ ನಮ್ಮ ಜಗಲಿಯಲ್ಲೇ ಹೊಲಿಯತೊಡಗಿದ. ಅವನನ್ನು ಹುಡುಕಿ ರವಿಕೆಯ ಅಳತೆ ಕೊಡುವ ಹೆಂಗಸರೂ ನಮ್ಮಲ್ಲಿಗೇ ಬಂದರು. ಬಂದವರಿಗೆಲ್ಲ ನಾನು ಚಾ ಮಾಡಬೇಕಾಯಿತು. ಒಂದು ಕಡೆ ಗ್ರೈಂಡರಿನ ಗರಗರ, ಒಂದು ಕಡೆ ಹೊಲಿಗೆಯ ಕಟಕಟ, ನಡುವೆ ಇವರ "ಮುಂದಿನವರು!" ಎಂಬ ಕೂಗು. ನಮ್ಮ ಕುಟುಂಬಶ್ರೀ ಹೆಂಗಸರು ಹಪ್ಪಳಕ್ಕೆ ತಾರಸಿಯಿಲ್ಲದೆ ಅಂಗಳದಲ್ಲಿ ಚಾಪೆ ಹಾಸಿದರು. ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳೆಲ್ಲ ಬಂದು ಅದರ ಮೇಲೆ ಕೂತಿತು. ಹುರಿದು ಬಾಯಿಗೆ ಹಾಕಿದರೆ ಹಲ್ಲಿನಡಿಯಲ್ಲಿ ಹೆದ್ದಾರಿಯೇ ಸಿಗುತ್ತಿತ್ತು.

"ಒಂದು ತಿಂಗಳು ತಡೆದುಕೊಳ್ಳಿ," ಎಂದೆ ನಾನು ಅವರಿಗೆ. "ಬಿಲ್ಲು ಬರಲಿ."

ತಿಂಗಳ ಮಧ್ಯದಲ್ಲಿ ಶಫೀಕ ರಜೆಯಲ್ಲಿ ಬಂದ. ಬಂದವನು ಒಂದು ಬ್ಯಾಟರಿ ಕಾರು ತೆಗೆದುಕೊಂಡ. ಅದನ್ನು ಎಲ್ಲಿ ಚಾರ್ಜು ಮಾಡುವುದೆಂದು ಅವನು ಕೇಳುವ ಮೊದಲೇ ಇವರು ಗೇಟು ತೆರೆದು ನಿಂತಿದ್ದರು.

"ಬಾ ಮಗಾ, ಒಳಗೆ ತಾ! ಕಾರಿಗೆ ಕಾರ್ಡು ಬೇಡ!"

ಕಾರು ಅಂಗಳಕ್ಕೆ ಬಂತು. ಹೋದ ಜನ್ಮದಲ್ಲಿ ಆನೆಯಾಗಿದ್ದಿರಬೇಕು, ಅಷ್ಟು ಹಸಿವು ಅದಕ್ಕೆ. ವಾರಕ್ಕೆ ಮೂರು ನಾಲ್ಕು ಸಲ ಬೆಳಿಗ್ಗೆ ಬಂದು ನಿಂತರೆ ಸಂಜೆಯ ತನಕ ಕುಡಿಯುತ್ತಿತ್ತು. ಮೊದಲ ದಿನ ಅದರ ವಯರು ಸಿಕ್ಕಿಸಿದ ಕೂಡಲೇ ಮನೆಯ ಮೇನ್ ಟಪ್ ಎಂದು ಬಿದ್ದು, ಹೊಲಿಗೆ ನಿಂತು, ಗ್ರೈಂಡರು ನಿಂತು, ಕೆಟಲಿನ ನೀರು ಅರೆಬಿಸಿಯಾಗಿ ಉಳಿಯಿತು. ಇವರು ಗಾಬರಿಯಾಗಲಿಲ್ಲ.

"ಕಾರು ಬಂದ ದಿನ ಇಸ್ತ್ರಿ ಇಲ್ಲ," ಎಂದು ಹೊಸ ನಿಯಮ ಹೇಳಿದರು. ಸಂಜೆ ಮೀಟರು ನೋಡಿ ಕುಣಿದಾಡುವುದೊಂದು ಬಾಕಿ. ಬೋರ್ಡಿಗೆ ಹೋಗುವ ಅಂಕಿ ಸ್ವಲ್ಪವೂ ಕದಲಿರಲಿಲ್ಲ. "ನೋಡೇ! ಒಂದು ಕಾಳು ಲ್ಯಾಪ್ಸ್ ಇಲ್ಲ!"

"ಇನ್ನೊಂದು ಅಂಕಿ ಓಡಿದೆಯಲ್ಲ? ಬೋರ್ಡಿನಿಂದ ತಂದದ್ದು?" ಎಂದೆ ನಾನು.

"ಅದು ರಾತ್ರಿದ್ದು. ರಾತ್ರಿ ಸೂರ್ಯ ಎಲ್ಲಿಂದ ಬರ್ಬೇಕು? ನಿನಗೆ ರಾತ್ರಿ ಶಾಲೆಯಲ್ಲಿ ಇಷ್ಟನ್ನೂ ಹೇಳಿಕೊಡಲಿಲ್ಲವಾ?"

ಹೇಳಿಕೊಟ್ಟಿದ್ದರು. ಪ್ರಾಯ ಆದ ಮೇಲೆ ನಾನು ಸೇರಿದ ಆ ಶಾಲೆಯಲ್ಲಿ ಕೂಡುವುದು, ಕಳೆಯುವುದು ಎರಡನ್ನೂ ಹೇಳಿಕೊಟ್ಟಿದ್ದರು. ಆದರೆ ಉತ್ಪಾದಕರೊಡನೆ ಲೆಕ್ಕ ಮಾತಾಡುವ ಧೈರ್ಯ ಯಾವ ತರಗತಿಯಲ್ಲೂ ಕಲಿಸುವುದಿಲ್ಲ.

ಬಿಲ್ಲಿನ ದಿನ ಬಂತು. ಮೀಟರು ಓದುವವನ ಜೊತೆಗೆ ಕರೆಂಟ್ ಬೋರ್ಡಿನ ಸೆಕ್ಷನ್ ಆಫೀಸಿನ ಸಬ್ ಇಂಜಿನಿಯರ್ ಶ್ರೀರಂಜಿನಿಯೂ ಬಂದಿದ್ದಳು. ಹೊಸ ಸೋಲಾರ್ ಮೀಟರಿನ ಮೊದಲ ಓದುವಿಕೆಯಾದ್ದರಿಂದ ಒಮ್ಮೆ ನೋಡಿ ಹೋಗಲು. ಅವಳು ಗೇಟಿನ ಹತ್ತಿರ ನಿಂತು ನಮ್ಮ ಅಂಗಳವನ್ನು ನೋಡಿದಳು. ಜಗಲಿ ತುಂಬ ಜನ. ಅಂಗಳದಲ್ಲಿ ಕಾರು. ಹೆಂಗಸರು ಗುಂಪಾಗಿ ಕೂತಿದ್ದಾರೆ. ನಾನು ಚಾ ಹಂಚುತ್ತಿದ್ದೇನೆ. ಮೇಜಿನ ಹಿಂದೆ ಯಜಮಾನರು ಗಂಭೀರವಾಗಿ ಕೂತಿದ್ದಾರೆ.

ಅವಳು ಚಪ್ಪಲಿ ಬಿಟ್ಟು, ಮೆಲ್ಲ ನನ್ನ ಹತ್ತಿರ ಬಂದು, ತಗ್ಗಿದ ಸ್ವರದಲ್ಲಿ ಕೇಳಿದಳು:

"ಯಾರು ಹೋದದ್ದು?"

"ಯಾರೂ ಹೋಗಲಿಲ್ಲ ಮೇಡಂ. ಕರೆಂಟು ಹೋಗದ ಹಾಗೆ ಇವರೆಲ್ಲ ಸೇರಿ ನೋಡಿಕೊಳ್ತಾ ಇದ್ದಾರೆ."

ಅದೇ ಹೊತ್ತಿಗೆ ಲೋಕನಾಥನ ಜೀಪು ಬಂತು. ಹಿಂದೆ ಹಲಸಿನಕಾಯಿ, ಮುಂದಿನ ಸೀಟಿನಲ್ಲಿ ಸ್ಪ್ಯಾನರುಗಳ ಚೀಲ. ಬಿಲ್ಲಿನ ದಿನವನ್ನು ಅವನು ಮರೆತಿರಲಿಲ್ಲ.

ಮೀಟರು ಓದುವವನ ಕೈಯ ಯಂತ್ರ ಕಿರ್ರ್ ಎಂದು ಚೀಟಿ ಉಗುಳಿತು. ಇವರು ಅದನ್ನು ಮುಟ್ಟಲಿಲ್ಲ. ರಾಜರು ಓಲೆಯನ್ನು ಓದಿಸುವ ಹಾಗೆ ನನ್ನ ಕಡೆಗೆ ಕೈ ತೋರಿಸಿದರು.

"ಎಲ್ಲರಿಗೂ ಕೇಳುವ ಹಾಗೆ ಓದು."

ನಾನು ಎಲ್ಲರಿಗೂ ಕೇಳುವ ಹಾಗೆ ಓದಿದೆ.

ಗ್ರೈಂಡರು ನಿಂತಿತು. ಸುಕುಮಾರನ ಕಾಲು ಪೆಡಲಿನ ಮೇಲೆಯೇ ನಿಂತಿತು.

"ಇನ್ನೊಮ್ಮೆ ಓದು," ಎಂದರು ಇವರು.

ಇನ್ನೊಮ್ಮೆ ಓದಿದೆ. ಎರಡನೆಯ ಸಲವೂ ಅದು ಕಡಿಮೆಯಾಗಲಿಲ್ಲ. ಹಲಗೆ ಹಾಕುವ ಮೊದಲು ಬರುತ್ತಿದ್ದುದಕ್ಕಿಂತಲೂ ಹೆಚ್ಚು.

"ಭಾವ," ಎಂದ ಲೋಕನಾಥ ಚೀಲದೊಳಗೆ ಕೈ ಹಾಕಿ, "ಹನ್ನೆರಡರ ಸ್ಪ್ಯಾನರಾ, ಹದಿನಾಲ್ಕರದ್ದಾ?"

"ಮೀಟರು ಹಾಳಾಗಿದೆ!" ಎಂದು ಇವರು ಮೇಜು ಗುದ್ದಿದರು. "ನಾನು ಒಂದು ಕಾಳು ಬಿಡದೆ ಎತ್ತಿದ್ದೇನೆ. ಒಂದನ್ನೂ ಲ್ಯಾಪ್ಸ್ ಆಗ್ಲಿಕ್ಕೆ ಬಿಡಲಿಲ್ಲ. ಇಡೀ ಓಣಿ ಸಾಕ್ಷಿ!"

ಓಣಿ ತಲೆಯಾಡಿಸಿತು. ಸಾಕ್ಷಿ ಹೇಳುವುದರಲ್ಲಿ ನಮ್ಮ ಓಣಿಯವರು ಹಿಂದೆ ಬಿದ್ದವರಲ್ಲ.

ಶ್ರೀರಂಜಿನಿ ಮೀಟರು ನೋಡಿದಳು. ಕಾರು ನೋಡಿದಳು. ಮೇಜಿನ ಮೇಲಿನ ಐದು ತೂತುಗಳನ್ನೂ ಅವುಗಳಿಂದ ಹೊರಟ ವಯರುಗಳ ಬಳ್ಳಿಯನ್ನೂ ನೋಡಿದಳು. ನಂತರ ಇವರ ಎದುರು ಸಾಲಿನ ಜಾಗದಲ್ಲಿ ನಿಂತು, ಬಹಳ ಮೆತ್ತಗೆ ಕೇಳಿದಳು.

"ಲ್ಯಾಪ್ಸ್ ಆಗ್ತದೆ ಅಂತ ನಿಮಗೆ ಯಾರು ಹೇಳಿದ್ದು?"

"ಉಳಿದದ್ದು ಬೋರ್ಡಿಗೆ ಹೋಗ್ತದೆ ಅಂತ ಆ ಜಿತೇಂದ್ರನೇ ಹೇಳಿದ್ದಾನೆ!"

"ಹೌದು, ಹೋಗ್ತದೆ. ಆಮೇಲೆ?"

"ಆಮೇಲೆ ಎಂತ?"

"ಆಮೇಲೆ ಅದನ್ನು ನಾವು ನಿಮ್ಮ ಹೆಸರಲ್ಲಿ ಬರೆದಿಡ್ತೇವೆ. ನೀವು ರಾತ್ರಿ ನಮ್ಮಿಂದ ತಗೊಂಡದ್ದರಿಂದ ಅಷ್ಟನ್ನು ಕಳೀತೇವೆ. ಹಗಲು ಕೊಟ್ಟದ್ದು ರಾತ್ರಿಗೆ ಆಯ್ತು. ಉಳಿದದ್ದಕ್ಕೆ ಮಾತ್ರ ಬಿಲ್ಲು. ಈ ತಿಂಗಳು ನೀವು ನಮಗೆ ಹೆಚ್ಚುಕಡಿಮೆ ಎಂತದ್ದೂ ಕೊಡ್ಲೇ ಇಲ್ಲ. ಹಾಗಾಗಿ ರಾತ್ರಿಯದ್ದು ಪೂರ್ತಿ ನಿಮ್ಮ ತಲೆಗೆ. ಮತ್ತೆ ಇದು..." ಅವಳು ಕಾರಿನ ಕಡೆಗೆ ತಿರುಗಿದಳು. "ಇದು ಕುಡಿಯುವಷ್ಟು ನಿಮ್ಮ ಹಲಗೆಗಳೂ ಮಾಡುದಿಲ್ಲ. ಬಾಕಿಯದ್ದು ಹಗಲೇ ನಮ್ಮಿಂದ ಬಂದಿದೆ."

ಇವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಸಣ್ಣ ಸ್ವರದಲ್ಲಿ ಕೇಳಿದರು.

"ಇಲಾಖೆಗೆ ವಾಪಸು ಹೋದ ಮಾಲನ್ನು... ಇಲಾಖೆ ನಮ್ಮ ಹೆಸರಲ್ಲಿ ಇಡ್ತದಾ?"

"ಇಡ್ತದೆ."

"ಹಾಳಾಗದ ಹಾಗೆ?"

"ಹಾಳಾಗದ ಹಾಗೆ."

ಇವರ ಮುಖ ನೋಡಬೇಕಿತ್ತು. ಜೀವಮಾನವಿಡೀ ಅಕ್ಕಿ ಲ್ಯಾಪ್ಸ್ ಆಗುವುದನ್ನು ಕಂಡವರಿಗೆ, ವಾಪಸು ಹೋದ ಮೇಲೂ ನಮ್ಮದಾಗಿಯೇ ಉಳಿಯುವ ಮಾಲೊಂದು ಲೋಕದಲ್ಲಿ ಉಂಟು ಎಂಬುದು ನಂಬುವ ಮಾತಲ್ಲ. ಅದನ್ನು ನಂಬಿದ ಗಳಿಗೆಯಲ್ಲೇ, ಒಂದು ತಿಂಗಳ ಅಂಥ ಮಾಲನ್ನೆಲ್ಲ ತಾನೇ ಕೈಯಾರೆ ಹಂಚಿ ಮುಗಿಸಿದ್ದೇನೆ ಎಂಬುದೂ ಅವರಿಗೆ ಹೊಳೆಯಿತು.

ಜಗಲಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸುಕುಮಾರ ಪ್ಲಗ್ಗು ಕಿತ್ತ. ಗ್ರೈಂಡರಿನವರು ಅರ್ಧ ಅರೆದ ಹಿಟ್ಟನ್ನೇ ಹೊತ್ತುಕೊಂಡು ನಡೆದರು. ಶಫೀಕ ಕಾರನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದ. ಬ್ಯಾಟರಿ ಕಾರಿನ ಒಂದು ಗುಣ, ನಾಚಿಕೆಯಿಂದ ಹೋಗುವಾಗ ಸದ್ದು ಮಾಡುವುದಿಲ್ಲ.

"ಹಲಗೆ ನಾಳೆ ಬಿಚ್ಚು," ಎಂದರು ಇವರು ಲೋಕನಾಥನಿಗೆ, ಒಳಗೆ ಹೋಗುತ್ತ. "ಮಾತು ಮಾತೇ."

ಮರುದಿನ ಬೆಳಿಗ್ಗೆ ಬಿಳಿ ಶೂಸು ಬಾಗಿಲ ಬದಿಯಲ್ಲೇ ಇತ್ತು. ಇವರು ಜಗಲಿಯ ಬೆಂಚಿನ ಮೇಲೆ ಮಲಗಿಕೊಂಡಿದ್ದರು.

"ನಡೆಯಲಿಕ್ಕೆ ಹೋಗುದಿಲ್ಲವಾ?" ಎಂದೆ.

"ಎಂತಕ್ಕೆ? ಹಲಗೆ ಇಲ್ಲ. ಏಳು ವರ್ಷ ಬದುಕಿ ನನಗೆ ಎಂತ ಆಗ್ಬೇಕು? ಚಾಕ್ಕೆ ಸಕ್ಕರೆ ಹಾಕು. ಎರಡು ಚಮಚ."

ನಾನು ಚಾ ಮಾಡಲು ಹೋಗಲಿಲ್ಲ. ನೇರ ಅಂಗಳಕ್ಕೆ ಇಳಿದೆ. ಅಲ್ಲಿ ಲೋಕನಾಥ ತಾರಸಿಗೆ ಏಣಿ ಇಡುತ್ತಿದ್ದ.

"ಏಣಿ ತೆಗಿ," ಎಂದೆ.

"ಅಕ್ಕ, ನೀನೇ ಗೆದ್ದದ್ದಲ್ಲವಾ? ತಾರಸಿ ನಿನ್ನದು!"

"ನನ್ನ ತಾರಸಿ ಆದ ಮೇಲೆ ಅದರ ಮೇಲೆ ಎಂತ ಇಡ್ಬೇಕು, ಎಂತ ಇಡ್ಬಾರದು ಅಂತ ಹೇಳುವವಳು ನಾನಾ, ನೀನಾ?"

"ಹಪ್ಪಳ?"

"ಹಪ್ಪಳಕ್ಕೆ ಬೇರೆ ಜಾಗ ಸಿಗ್ತದೆ. ಆ ಬೆಂಚಿನಲ್ಲಿ ಮಲಗಿದ್ದಾರಲ್ಲ, ಅವರನ್ನು ಎಬ್ಬಿಸಲಿಕ್ಕೆ ನನ್ನಲ್ಲಿ ಬೇರೆ ಉಪಾಯ ಇಲ್ಲ. ಇನ್ನೊಂದು ತಿಂಗಳು ಇರಲಿ."

ಲೋಕನಾಥ ಜಗಲಿಯ ಕಡೆ ನೋಡಿದ. ಶೂಸಿನ ಕಡೆ ನೋಡಿದ. ಏಣಿಯನ್ನು ಅಡ್ಡ ಮಲಗಿಸಿದ.

ಬೇರೆ ಜಾಗ ಸಿಗುತ್ತದೆ ಎಂದು ನಾನು ಹೇಳಿದ್ದು ಧೈರ್ಯದಿಂದ, ತಿಳಿದು ಅಲ್ಲ. ಆದರೆ ಅದೇ ಸಂಜೆ ಝುಬೈದಾ ಬಂದಳು. ಕೈಯಲ್ಲಿ ಮುಚ್ಚಿದ ಬಟ್ಟಲು, ಬಿಸಿ ಸಮೋಸ.

"ಮನೋರಮಕ್ಕಾ, ನೀವು ಗಿಣ್ಣ ಕೊಟ್ಟ ಪಾತ್ರೆಯನ್ನು ನಾನು ಯಾವತ್ತಾದರೂ ಖಾಲಿ ವಾಪಸು ಕೊಟ್ಟದ್ದುಂಟಾ?"

"ಇಲ್ಲ."

"ನಾನು ನಿಮಗೆ ಪತ್ತಿರಿ ರೊಟ್ಟಿ ಕೊಟ್ಟ ಬಟ್ಟಲನ್ನು ನೀವು?"

"ಇಲ್ಲಪ್ಪ."

"ಹಾಗಾದರೆ ಒಂದು ತಿಂಗಳು ನಿಮ್ಮ ಕರೆಂಟು ತಿಂದು ನಾವು ಖಾಲಿ ಕೈ ಬೀಸಿಕೊಂಡು ಹೋಗುವವರಾ?" ಅವಳು ಬಟ್ಟಲಿನ ಮುಚ್ಚಳದ ಮೇಲಿನಿಂದ ಒಂದು ಬೀಗದ ಕೈ ತೆಗೆದು ನನ್ನ ಕೈಯಲ್ಲಿಟ್ಟಳು. ಶಫೀಕನ ಜೊತೆಗೆ ದುಬಾಯಿಯಿಂದ ವಾಪಸು ಬಂದದ್ದು. "ನಮ್ಮ ತಾರಸಿ. ನಿಮ್ಮದರ ಮೂರು ಪಾಲು ಉಂಟು. ಬಿಸಿಲು ಸುಮ್ಮನೆ ಬಿದ್ದು ಹಾಳಾಗುದು. ಭುಜಂಗಣ್ಣನ ಭಾಷೆಯಲ್ಲಿ, ಲ್ಯಾಪ್ಸ್."

ಮರುದಿನ ಸುಕುಮಾರ ಬಂದ. ಹಪ್ಪಳದ ಮೇಲೆ ಕಾಗೆ ಬಾರದ ಹಾಗೆ, ಧೂಳು ಬೀಳದ ಹಾಗೆ ತೆಳು ಬಲೆಯ ಬಟ್ಟೆಯನ್ನು ಉದ್ದಕ್ಕೆ ಹೊಲಿದು ತಂದಿದ್ದ. ಈ ಸಲ ತನ್ನ ಅಂಗಡಿಯಲ್ಲೇ, ತನ್ನ ಕರೆಂಟಿನಲ್ಲಿ. ಗ್ರೈಂಡರಿನವರು ಹಲಸಿನಕಾಯಿ ಅರೆದು ಕೊಡುವುದಾಗಿ ಹೇಳಿ ಕಳಿಸಿದರು. ಕೆಟಲಿನವರು ಮಾತ್ರ ಏನೂ ಕೊಡಲಿಲ್ಲ, ಆದರೆ ದಿನಾ ಬಂದು ಹಪ್ಪಳ ತಿರುವಿ ಹಾಕಿದರು. ಝುಬೈದಾಳ ತಾರಸಿಯಲ್ಲಿ ನಮ್ಮ ಹಪ್ಪಳ ಆ ವರ್ಷ ಒಣಗಿದ ಹಾಗೆ ಯಾವ ವರ್ಷವೂ ಒಣಗಿದ್ದಿಲ್ಲ. ಹಲ್ಲಿನಡಿಯಲ್ಲಿ ಹಲಸು ಬಿಟ್ಟರೆ ಬೇರೆ ಏನೂ ಸಿಗುತ್ತಿರಲಿಲ್ಲ.

ನಮ್ಮ ಜಗಲಿ ಖಾಲಿಯಾಯಿತು. ಇವರು ಮೇಜನ್ನು ಒಳಗಿಟ್ಟು ಮತ್ತೆ ಸ್ಟೂಲು ತಂದು ಮೀಟರಿನ ಎದುರು ಕೂತರು. ಬೋರ್ಡಿಗೆ ಹೋಗುವ ಅಂಕಿ ಓಡುತ್ತಿತ್ತು. ಈಗ ಅದು ಓಡಿದಷ್ಟೂ ಇವರಿಗೆ ಸಂತೋಷ. ನಾನು ಹಗಲಿನಲ್ಲಿ ಮಿಕ್ಸಿಯ ಸ್ವಿಚ್ಚು ಹಾಕಿದರೆ, "ಆಗಬೇಕಾ ಈಗ? ಅಲ್ಲಿ ನಮ್ಮ ಹೆಸರಲ್ಲಿ ಬರೀತಾ ಇದ್ದಾರೆ!" ಎಂದು ಬೊಬ್ಬೆ.

ಎರಡನೆಯ ಬಿಲ್ಲು ಬಂದ ದಿನ ಲೋಕನಾಥನೂ ಇದ್ದ. ಚೀಲ ತಂದಿರಲಿಲ್ಲ. ನಾನು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಅರ್ಧವೇನು, ಕಾಲಂಶವೂ ಇರಲಿಲ್ಲ. ಮೀಟರಿನ ಬಾಡಿಗೆ, ಮತ್ತೊಂದು ಮಗದೊಂದು ಸೇರಿ ಅಷ್ಟೇ.

ಇವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ನಾನು ಮೊದಲೇ ಹೇಳಲಿಲ್ಲವಾ?" ಎಂದರು.

ಅವರು ಮೊದಲು ಹೇಳಿದ್ದು ಏನೆಂಬುದು ಜಗಲಿಯಲ್ಲಿದ್ದ ಎಲ್ಲರಿಗೂ ನೆನಪಿತ್ತು.

"ಸರಿ ಭಾವ, ಸೋತೆ," ಎಂದ ಲೋಕನಾಥ. ಅವನು ಚೀಟಿಯನ್ನು ಎರಡು ಸಲ ನೋಡಿ, ಜಿತೇಂದ್ರನ ನಂಬರು ಉಂಟಾ ಎಂದು ನನ್ನಲ್ಲಿ ಮೆಲ್ಲಗೆ ಕೇಳಿದ. ಆದರೆ ಹೋಗುವ ಮೊದಲು ಏನಾದರೊಂದು ಹೇಳದೆ ಇದ್ದರೆ ಅವನು ನನ್ನ ತಮ್ಮನೇ ಅಲ್ಲ. ಜೀಪಿನ ಬಾಗಿಲು ಹಿಡಿದು ತಿರುಗಿದ.

"ಆದರೆ ಮೊದಲ ತಿಂಗಳದ್ದನ್ನು ಓಣಿ ತಿಂದಿತಲ್ಲ ಭಾವ? ಹಾಗಾದರೆ ನಿಮ್ಮ ಲೆಕ್ಕ ಏಳು ವರ್ಷ ಅಲ್ಲ. ಏಳು ವರ್ಷ ಒಂದು ತಿಂಗಳು."

ಜೀಪು ಹೋಯಿತು. ಇವರು ಅಲ್ಲಿಯೇ ಬೆರಳು ಎಣಿಸತೊಡಗಿದರು. ರಾತ್ರಿ ಊಟಕ್ಕೆ ಕೂತಾಗಲೂ ಬೆರಳು ಮಡಚುತ್ತ ಏನೋ ಯೋಚಿಸುತ್ತಿದ್ದರು. ಝುಬೈದಾಳ ತಾರಸಿಯಲ್ಲಿ ಒಣಗಿದ ಹಪ್ಪಳ ಬಡಿಸಿದೆ. ಎಣ್ಣೆಯದ್ದು ಬೇಡ, ಕೆಂಡದಲ್ಲಿ ಸುಟ್ಟದ್ದು ಕೊಡು ಎಂದರು.

ಬೆಳಿಗ್ಗೆ ಶೂಸು ಹಾಕಿ ಹೊರಟರು. ಎಂದಿನ ಹೊತ್ತಿಗೆ ಬರಲಿಲ್ಲ. ನಾನು ಗೇಟಿನ ತನಕ ಹೋಗಿ ನೋಡುತ್ತ ನಿಂತೆ. ಕೊನೆಗೆ ಬೆವರಿ, ಏದುಸಿರು ಬಿಡುತ್ತ ಬಂದರು.

"ಎಂತ ಇಷ್ಟು ತಡ?"

"ಇಷ್ಟು ದಿನ ಸೇತುವೆಯ ಬುಡದ ತನಕ ಹೋಗ್ತಾ ಇದ್ದೆ," ಎಂದರು ಶೂಸಿನ ದಾರ ಬಿಚ್ಚುತ್ತ. "ಇವತ್ತಿನಿಂದ ಸೇತುವೆ ದಾಟಿ ಆಚೆ ತುದಿ ಮುಟ್ಟಿ ಬರುದು."

"ಅದೆಂತಕ್ಕೆ?"

"ಆ ಒಂದು ತಿಂಗಳಿಗೆ."